ಊರು ಬದಲಿಸುವ ಮುನ್ನ

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ರಾತ್ರಿಯ ಊಟ ಮುಗಿದು, ಮಗು ಮಲಗಿದ ಮೇಲೆ, ಒಂದೇ ಮಾತು ಮತ್ತೆ ಮತ್ತೆ ತಲೆಯೆತ್ತುತ್ತದೆ. “ಇನ್ನೆಷ್ಟು ವರ್ಷ ಈ ಊರಿನಲ್ಲಿ?” ಎನ್ನುತ್ತಾನೆ ಗಂಡ. ದಿನಕ್ಕೆರಡು ಮೂರು ಗಂಟೆಗಳನ್ನು ಬೀದಿಯಲ್ಲಿಯೇ ಕಳೆದು ಬಂದವನ ದಣಿವು ಅವನ ದನಿಯಲ್ಲಿರುತ್ತದೆ. “ಹೋಗುವುದಾದರೆ ಎಲ್ಲಿಗೆ? ಅದನ್ನು ಹೇಳಿ” ಎನ್ನುತ್ತಾಳೆ ಹೆಂಡತಿ. ಮಾತು ಅಲ್ಲಿಗೇ ನಿಲ್ಲುತ್ತದೆ. ಬಿಡಬೇಕೆಂಬ ಬಯಕೆ ಇಬ್ಬರಿಗೂ ಇದೆ. ಸೇರಬೇಕಾದ ಊರು ಯಾವುದೆಂಬುದು ಮಾತ್ರ ಇಬ್ಬರಿಗೂ ತಿಳಿಯದು.

ಈ ಬಯಕೆ ಅಕಾರಣವಾದುದೇನೂ ಅಲ್ಲ. 1951ರ ಜನಗಣತಿಯಲ್ಲಿ ಎಂಟು ಲಕ್ಷಕ್ಕಿಂತ ಕಡಿಮೆ ಜನರಿದ್ದ ಬೆಂಗಳೂರು 2011ರ ವೇಳೆಗೆ 84 ಲಕ್ಷವನ್ನು ದಾಟಿತ್ತು. 2020ರಲ್ಲಿ ಮಹಾಮಾರಿಯ ದೆಸೆಯಿಂದ ಕಚೇರಿಗಳು ಬಾಗಿಲು ಹಾಕಿದಾಗ, ಮನೆಯಲ್ಲಿ ಕುಳಿತೇ ಕೆಲಸ ಮಾಡಬಹುದೆಂಬುದನ್ನು ಸಾವಿರಾರು ಸಂಸಾರಗಳು ಕಂಡುಕೊಂಡವು. ಆ ಮೇಲೆ ಹಲವು ಕಚೇರಿಗಳು ತಮ್ಮವರನ್ನು ಹಿಂದಕ್ಕೆ ಕರೆದುವಾದರೂ, ಒಮ್ಮೆ ಮೂಡಿದ ಆಸೆ ಮಾಸಲಿಲ್ಲ. ಮೈಸೂರು, ಶಿವಮೊಗ್ಗ, ಧಾರವಾಡ, ಮಂಗಳೂರು ಎಂದು ಮನಸ್ಸು ಒಂದೊಂದು ಊರನ್ನೂ ಸುತ್ತಿ ಬರುತ್ತಲೇ ಇದೆ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನೆನಪಿಗೆ ಬರಬೇಕಾದುದು ಇಲ್ಲಿಯೇ. ರಜೆಯಲ್ಲಿ ಹೋದವರು ಊರನ್ನು ಅದರ ಹಬ್ಬದ ಉಡುಗೆಯಲ್ಲಿ ಕಾಣುತ್ತಾರೆ. ದಸರೆಯ ದೀಪಗಳಲ್ಲಿ ಮೈಸೂರನ್ನೂ, ಮಾಗಿಯ ಮಂಜಿನಲ್ಲಿ ಮಲೆನಾಡನ್ನೂ, ಶ್ರಾವಣದ ಹಸಿರಿನಲ್ಲಿ ಧಾರವಾಡವನ್ನೂ ಕಂಡು ಮನಸೋಲದವರು ಯಾರು? ಆದರೆ ಸಂಸಾರ ಹೂಡುವುದು ಹಬ್ಬದ ದಿನಕ್ಕಲ್ಲ, ವರ್ಷದ ಉಳಿದೆಲ್ಲ ದಿನಗಳಿಗೆ. ಆದುದರಿಂದ, ನೆಲೆಸಬೇಕೆಂದಿರುವ ಊರನ್ನು ಅದರ ಅತ್ಯಂತ ಕಷ್ಟದ ಕಾಲದಲ್ಲಿ, ಮನೆಯಲ್ಲಿ ಅತ್ಯಂತ ಕಡಿಮೆ ಅನುಕೂಲವುಳ್ಳವರ ಕಣ್ಣಿನಿಂದ ನೋಡಿಯೇ ಆರಿಸಬೇಕು.

ನೀರಿನ ಪ್ರಶ್ನೆ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಈ ಗಾದೆಗೆ ಬೇರೆ ಅರ್ಥವಿದ್ದರೂ, ಊರು ಹುಡುಕುವವರು ಅದನ್ನು ಅಕ್ಷರಶಃ ತೆಗೆದುಕೊಳ್ಳುವುದು ಲೇಸು. ಬೆಂಗಳೂರಿಗೆ 1974ರಿಂದ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಏರಿ ಬರುತ್ತಿದೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಹಾದಿ ಕಾದವರ ಪಾಡು ಯಾರಿಗೂ ಮರೆತಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವು ಉದ್ಘಾಟನೆಯಾದರೂ, ಆ ಬೇಸಗೆಯ ಕಹಿಯೇ ಕೆಲವರನ್ನು ಊರು ಬಿಡುವ ಯೋಚನೆಗೆ ದೂಡಿತು.

ಹಾಗೆಂದು ಬೇರೆ ಊರುಗಳಲ್ಲಿ ನೀರು ತಾನಾಗಿ ಹರಿದು ಬರುತ್ತದೆಂದು ಭಾವಿಸುವುದು ತಪ್ಪು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಆದರೂ ತುಂಬೆಯ ಅಣೆಕಟ್ಟೆಯಲ್ಲಿ ನೇತ್ರಾವತಿಯ ನೀರು ಇಳಿದುಹೋಗಿ, 2019ರ ಬೇಸಗೆಯಲ್ಲಿ ಅಲ್ಲಿಯೂ ಸರದಿಯ ಮೇಲೆ ನೀರು ಬಿಡಬೇಕಾಯಿತು. ಆಕಾಶದ ನೀರು ಬೇರೆ, ನಲ್ಲಿಯ ನೀರು ಬೇರೆ. ಮಲಪ್ರಭೆಯನ್ನು ನೆಚ್ಚಿರುವ ಹುಬ್ಬಳ್ಳಿ–ಧಾರವಾಡದಲ್ಲಿ ಹಲವು ದಿನಗಳಿಗೊಮ್ಮೆ ನಲ್ಲಿಗೆ ನೀರು ಬರುವುದು ಬಹುಕಾಲದ ದೂರು. ಆದರೆ ಅದೇ ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಪ್ರಾರಂಭವಾಯಿತು. ಅಂದರೆ ಊರನ್ನು ಆರಿಸಿದರೆ ಸಾಲದು, ಬೀದಿಯನ್ನೂ ಆರಿಸಬೇಕು.

ಇದನ್ನು ತಿಳಿಯಲು ಮನೆಯ ದಲ್ಲಾಳಿಯನ್ನು ಕೇಳಿ ಫಲವಿಲ್ಲ. ಏಪ್ರಿಲ್ ತಿಂಗಳಿನಲ್ಲಿ ಆ ಬೀದಿಗೆ ಹೋಗಿ, ಪಕ್ಕದ ಮನೆಯ ಗೃಹಿಣಿಯನ್ನು ವಿಚಾರಿಸಬೇಕು. ಎಷ್ಟು ದಿನಕ್ಕೊಮ್ಮೆ ನೀರು, ಯಾವ ಹೊತ್ತಿನಲ್ಲಿ, ಸಂಪು ಎಷ್ಟು ದೊಡ್ಡದು, ಟ್ಯಾಂಕರು ತರಿಸಿದ್ದುಂಟೇ? ಈ ನಾಲ್ಕು ಪ್ರಶ್ನೆಗಳಿಗೆ ಆಕೆ ಕೊಡುವ ಉತ್ತರ ಎಷ್ಟೋ ಜಾಹೀರಾತುಗಳಿಗಿಂತ ನಂಬಲರ್ಹ.

ಹಾದಿ ಮತ್ತು ಆಸ್ಪತ್ರೆ

ಎರಡನೆಯ ಮಾತು ದೂರದ್ದು. ವಾರಕ್ಕೊಮ್ಮೆಯಾದರೂ ಬೆಂಗಳೂರಿನ ಕಚೇರಿಗೆ ಮುಖ ತೋರಿಸಬೇಕಾದವರಿಗೆ ಮೈಸೂರು ಅನುಕೂಲವಾದ ಊರು. ರೈಲಿನ ಹಾದಿ ಸುಮಾರು 140 ಕಿಲೋಮೀಟರು; 2023ರ ಮಾರ್ಚಿನಲ್ಲಿ ಹೊಸ ಹೆದ್ದಾರಿಯೂ ಉದ್ಘಾಟನೆಯಾಯಿತು. 1903ರಷ್ಟು ಹಿಂದೆಯೇ ನಗರದ ಅಭಿವೃದ್ಧಿಗೆಂದು ಟ್ರಸ್ಟ್ ಬೋರ್ಡನ್ನು ಸ್ಥಾಪಿಸಿದ ಊರು ಅದು. ಹಳೆಯ ಬಡಾವಣೆಗಳ ಅಗಲವಾದ ರಸ್ತೆಗಳೂ ಉದ್ಯಾನಗಳೂ ಆ ದೂರದೃಷ್ಟಿಯ ಫಲ. ಹೊರವಲಯದ ಹೊಸ ಬಡಾವಣೆಗಳಿಗೆಲ್ಲ ಅದೇ ಭಾಗ್ಯವಿದೆಯೆಂದು ಮಾತ್ರ ತಿಳಿಯಬಾರದು.

ಶಿವಮೊಗ್ಗಕ್ಕೆ ಸುಮಾರು 300 ಕಿಲೋಮೀಟರು. 2023ರ ಫೆಬ್ರವರಿಯಲ್ಲಿ ಅಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತಾದರೂ, ಸಂಸಾರಸ್ಥರ ನಿತ್ಯದ ಲೆಕ್ಕ ರೈಲು, ಬಸ್ಸುಗಳದೇ. ಹುಬ್ಬಳ್ಳಿ–ಧಾರವಾಡ 400 ಕಿಲೋಮೀಟರಿಗೂ ಆಚೆಗಿದ್ದರೂ 2023ರ ಜೂನಿನಿಂದ ವಂದೇ ಭಾರತ್ ರೈಲು ಬಂದು ಹಗಲಿನ ಪ್ರಯಾಣ ಸುಲಭವಾಗಿದೆ. ಮಂಗಳೂರಿಗಾದರೋ ನಡುವೆ ಘಟ್ಟವಿದೆ. ಸಕಲೇಶಪುರ, ಸುಬ್ರಹ್ಮಣ್ಯಗಳ ನಡುವೆ ರೈಲು 57 ಸುರಂಗಗಳನ್ನು ಹಾಯ್ದು ಇಳಿಯುತ್ತದೆ. ನೋಡಲು ರಮ್ಯವಾದ ಆ ಹಾದಿಯಲ್ಲಿ 2018ರ ಆಗಸ್ಟಿನಲ್ಲಿಯೂ 2024ರ ಜುಲೈನಲ್ಲಿಯೂ ಗುಡ್ಡ ಕುಸಿದು ಸಂಚಾರವೇ ನಿಂತುಹೋಯಿತು. ಮಂಗಳೂರಿನಲ್ಲಿಯೇ ಉದ್ಯೋಗವಿರುವವರಿಗೆ ಇದು ದೊಡ್ಡ ತೊಡಕಲ್ಲ. ಪ್ರತಿವಾರ ಘಟ್ಟ ಹತ್ತಬೇಕಾದವರಿಗೆ ಮಾತ್ರ ಜುಲೈ ತಿಂಗಳೇ ಪರೀಕ್ಷೆಯ ಕಾಲ.

ಮನೆಯಲ್ಲಿ ವೃದ್ಧರಿದ್ದರೆ, ಅಥವಾ ಮಗುವಿಗೆ ವಿಶೇಷ ಚಿಕಿತ್ಸೆ ಬೇಕಾಗಿದ್ದರೆ, ಊರಿನ ಆಯ್ಕೆ ಅದೊಂದರಿಂದಲೇ ನಿರ್ಧಾರವಾಗಬಹುದು. ಮಾತು ತಡವಾದ ಮಗುವಿನ ತಂದೆತಾಯಿಗಳಿಗೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಸಾಮೀಪ್ಯ ದೊಡ್ಡ ಭರವಸೆ. ಹುಬ್ಬಳ್ಳಿಯಲ್ಲಿ 1957ರಷ್ಟು ಹಳೆಯ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೆ ತಾಲ್ಲೂಕಿನ ಅಂಚಿನಲ್ಲಿ ತೋಟದ ಮನೆಯ ಕನಸು ಕಾಣುವವರು, ನಡುರಾತ್ರಿಯಲ್ಲಿ ಅಜ್ಜಿಗೆ ಎದೆನೋವು ಬಂದರೆ ಎಷ್ಟು ನಿಮಿಷಗಳಲ್ಲಿ ವೈದ್ಯರನ್ನು ಕಾಣಬಹುದೆಂಬುದನ್ನು ಒಮ್ಮೆ ಆ ಹಾದಿಯಲ್ಲಿ ಹೋಗಿಯೇ ಲೆಕ್ಕ ಹಾಕಬೇಕು.

ಮಗುವಿನ ಶಾಲೆ, ತಾಯಿಯ ಕೆಲಸ

ಶಾಲೆಯ ವಿಷಯದಲ್ಲಿ ಹೆಸರಿಗಿಂತ ಹತ್ತಿರ ಮುಖ್ಯ. ದಟ್ಟಣೆಗೆ ಬೇಸತ್ತು ಸಣ್ಣ ಊರಿಗೆ ಬಂದು, ಹೆಸರಾಂತ ಶಾಲೆಯೆಂದು ಐದು ವರ್ಷದ ಮಗುವನ್ನು ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಕೂರಿಸಿದರೆ ಬಂದುದರ ಫಲವೇನು? ಇನ್ನು, ಮಕ್ಕಳು ಚಿಕ್ಕವರಿರುವಾಗ ಊರು ಬದಲಿಸುವುದು ಸುಲಭ. ಆರೇಳು ವರ್ಷದ ಮಗು ಒಂದು ತಿಂಗಳಲ್ಲಿ ಹೊಸ ಗೆಳೆಯರನ್ನು ಸಂಪಾದಿಸಿಕೊಳ್ಳುತ್ತದೆ. ಎಂಟು, ಒಂಬತ್ತನೆಯ ತರಗತಿಯಲ್ಲಿ ಪಠ್ಯಕ್ರಮವೂ ಗೆಳೆತನವೂ ಒಟ್ಟಿಗೆ ಕಡಿದುಹೋದರೆ ಮಗುವಿಗೆ ಆಗುವ ನೋವು ಸಣ್ಣದಲ್ಲ.

ಇಷ್ಟನ್ನೂ ಲೆಕ್ಕ ಹಾಕುವ ಮನೆಗಳಲ್ಲಿಯೂ ಒಂದು ಮಾತು ಎಷ್ಟೋ ಸಲ ಬಾಯಿಬಿಟ್ಟು ಆಡದೆಯೇ ಉಳಿದುಹೋಗುತ್ತದೆ. ಗಂಡನ ಕೆಲಸ ಕಂಪ್ಯೂಟರಿನೊಂದಿಗೆ ಅವನು ಹೋದಲ್ಲಿಗೆ ಹೋಗಬಹುದು. ಹೆಂಡತಿ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದರೆ, ಆಸ್ಪತ್ರೆಯಲ್ಲಿ ದಾದಿಯಾಗಿದ್ದರೆ ಆಕೆಯ ಕೆಲಸ ಹಾಗೆ ಹಿಂಬಾಲಿಸಿ ಬರುವುದಿಲ್ಲ. ಬ್ಯಾಂಕಿನವಳಾದರೆ ವರ್ಗಾವಣೆಗೆ ಕಾಯಬೇಕು. “ಅಲ್ಲಿ ಹೋದ ಮೇಲೆ ನೋಡಿಕೊಂಡರಾಯಿತು” ಎಂಬ ಮಾತಿನಲ್ಲಿ ಹತ್ತು ವರ್ಷದ ದುಡಿಮೆ, ಹಿರಿತನ, ಸ್ವಂತ ಸಂಬಳದ ಸ್ವಾತಂತ್ರ್ಯ ಎಲ್ಲವೂ ಕರಗಿಹೋಗಬಹುದು. ಅಷ್ಟೇ ಅಲ್ಲ, ಗುರುತಿನವರಿಲ್ಲದ ಊರಿನಲ್ಲಿ ಹಗಲೆಲ್ಲ ಒಬ್ಬಳೇ ಮಗುವಿನೊಂದಿಗೆ ಇರಬೇಕಾದವಳೂ ಅವಳೇ. ಊರು ಒಗ್ಗಿತೋ ಇಲ್ಲವೋ ಎಂಬುದನ್ನು ಮೊದಲು ತಿಳಿಯುವವಳು ಅವಳಾದ ಕಾರಣ, ಊರಿನ ಆಯ್ಕೆಯಲ್ಲಿ ಮೊದಲ ಮಾತೂ ಅವಳದಾಗುವುದು ನ್ಯಾಯ. ಅವಳಿಗೆ ಕೆಲಸ ಸಿಕ್ಕುವ ಊರು ಸ್ವಲ್ಪ ಕಡಿಮೆ ಚೆಲುವಾಗಿದ್ದರೂ ಚಿಂತೆಯಿಲ್ಲ.

ಹನ್ನೊಂದು ತಿಂಗಳ ಪರೀಕ್ಷೆ

ಎಲ್ಲವೂ ಕೂಡಿಬಂದಿತೆಂದೇ ಇಟ್ಟುಕೊಳ್ಳೋಣ. ಆಗಲೂ ಬೆಂಗಳೂರಿನ ಸ್ವಂತ ಮನೆಯನ್ನು ಮಾರಿ, ಹೊಸ ಊರಿನಲ್ಲಿ ಕೂಡಲೇ ನಿವೇಶನ ಕೊಳ್ಳುವುದು ದುಡುಕು. ಮನೆಬಾಡಿಗೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಆಗುವುದಷ್ಟೆ. ಆ ಹನ್ನೊಂದು ತಿಂಗಳುಗಳಲ್ಲಿ ಒಂದು ಬೇಸಗೆ, ಒಂದು ಮಳೆಗಾಲ, ಒಂದು ಶಾಲಾವರ್ಷ ಹೆಚ್ಚು ಕಡಿಮೆ ಕಣ್ಣೆದುರಿಗೇ ಸಾಗಿಹೋಗುತ್ತವೆ. ಬೆಂಗಳೂರಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಅಲ್ಲಿ ಬಾಡಿಗೆಗೆ ಇದ್ದು ನೋಡಿದವರಿಗೆ ಹಿಂದಿರುಗುವ ಬಾಗಿಲು ತೆರೆದೇ ಇರುತ್ತದೆ. ಮುಂದೆ ನಿವೇಶನ ಕೊಳ್ಳುವಾಗಲೂ, ಭೂಪರಿವರ್ತನೆಯಾಗದ ಅಗ್ಗದ ನಿವೇಶನಕ್ಕೆ ಮರುಳಾಗದೆ, ಕಾಗದಪತ್ರಗಳನ್ನು ವಕೀಲರಿಗೆ ತೋರಿಸುವುದು ಕ್ಷೇಮ.

ಹಿಂದಿರುಗಿದರೆ ನಾಲ್ವರು ನಕ್ಕಾರೆಂಬ ಅಂಜಿಕೆಯೂ ಬೇಡ. ಒಗ್ಗದ ಊರಿನಲ್ಲಿ ಮರ್ಯಾದೆಗೆಂದು ಉಳಿದು ಕೊರಗುವುದಕ್ಕಿಂತ, ಒಂದು ವರ್ಷದ ಬಾಡಿಗೆ ಕೊಟ್ಟು ಸತ್ಯವನ್ನು ತಿಳಿದುಕೊಂಡು ಬರುವುದು ಅಗ್ಗವೇ ಸರಿ.

ಹಾಗಾದರೆ ರಾತ್ರಿ ಊಟದ ಮೇಲಿನ ಆ ಮಾತು ಅರ್ಧಕ್ಕೇ ನಿಲ್ಲಬೇಕಾಗಿಲ್ಲ. ಗಂಡಹೆಂಡಿರು ಒಂದು ಹಾಳೆ ತೆಗೆದುಕೊಂಡು, ತಮಗೆ ಯಾವುದಿಲ್ಲದೆ ನಡೆಯದೆಂಬುದನ್ನು ಬರೆಯಬಹುದು. ಲೇಖನಿ ಮೊದಲು ಅವಳ ಕೈಯಲ್ಲಿರಲಿ. ಅಜ್ಜಿಯ ಮಾತೂ ಅದರಲ್ಲಿ ಸೇರಲಿ. ಹಾಳೆ ತುಂಬಿದ ಮೇಲೆ “ಎಲ್ಲಿಗೆ?” ಎಂಬ ಪ್ರಶ್ನೆಗೆ ಎರಡು ಮೂರು ಊರುಗಳು ತಾವಾಗಿ ಉಳಿದುಕೊಳ್ಳುತ್ತವೆ. ಆಗ ಅವನು ಹೇಳಬೇಕಾದುದು ಇಷ್ಟೇ: “ಸರಿ, ಬರುವ ಏಪ್ರಿಲ್‌ನಲ್ಲಿ ಎಲ್ಲರೂ ಹೋಗಿ ನೋಡಿಕೊಂಡು ಬರೋಣ.”