ಅಂಬೆಗಾಲಿನ ಮಗುವೂ ಬಚ್ಚಲು ಮನೆಯೂ

ಆಗತಾನೇ ನಡೆಯಲು ಕಲಿತ ಮಗುವಿಗೆ ಮನೆಯಲ್ಲಿ ಅತ್ಯಂತ ಪ್ರಿಯವಾದ ಸ್ಥಳ ಯಾವುದು? ತಂದೆ ಆಸೆಯಿಂದ ಕೊಂಡು ತಂದ ಆಟಿಕೆಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಮಗು ಬಚ್ಚಲು ಮನೆಯ ಹೊಸ್ತಿಲ ಮೇಲಿರುತ್ತದೆ. ಅಲ್ಲಿ ನೀರು ಹರಿಯುತ್ತದೆ, ಚೊಂಬು ಸದ್ದು ಮಾಡುತ್ತದೆ, ಸಾಬೂನು ಕೈಯಿಂದ ಜಾರಿ ಓಡುತ್ತದೆ. ವರ್ಷ ತುಂಬಿದ ಜೀವಕ್ಕೆ ಇದಕ್ಕಿಂತ ದೊಡ್ಡ ವಿಸ್ಮಯ ಬೇರೆ ಬೇಕೆ? “ಆ ಕಡೆ ಹೋಗಬೇಡ” ಎಂದು ಗದರಿಸಿದಷ್ಟೂ ಅದರ ಕುತೂಹಲ ಇಮ್ಮಡಿಸುತ್ತದೆಯೇ ಹೊರತು ಇಳಿಯದು. ಎರಡು ವರ್ಷದ ಮಗುವಿನ ಸ್ವಭಾವವನ್ನು ತಿದ್ದುವುದಕ್ಕಿಂತ ಆರಡಿಯ ಕೋಣೆಯನ್ನು ತಿದ್ದುವುದು ಸುಲಭ.

ಮಕ್ಕಳ ರಕ್ಷಣೆಯನ್ನು ಕುರಿತ ಪಾಶ್ಚಾತ್ಯ ಪುಸ್ತಕಗಳಲ್ಲಿ ಮೈ ಚಾಚಿ ಮಲಗಿ ಮೀಯುವ ತೊಟ್ಟಿಯ ಮಾತೇ ಪುಟಗಟ್ಟಲೆ ಬರುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಎಷ್ಟು ಮನೆಗಳಲ್ಲಿ ಅಂಥ ತೊಟ್ಟಿ ಉಂಟು? ಇಲ್ಲಿಯದು ಬಕೆಟ್ಟು, ಬಿಂದಿಗೆ, ಹಂಡೆ, ಡ್ರಮ್ಮುಗಳ ಪ್ರಪಂಚ. ಬೆಂಗಳೂರಿಗೆ ನೀರುಣಿಸಲೆಂದು 1933ರಲ್ಲಿ ಸಿದ್ಧವಾದ ತಿಪ್ಪಗೊಂಡನಹಳ್ಳಿಯ ಜಲಾಶಯ ಮಾಗಡಿಯ ಸೀಮೆಯಲ್ಲಿಯೇ ಇದೆ. ಅರ್ಕಾವತಿಯು ರಾಮನಗರ, ಕನಕಪುರಗಳನ್ನು ಹಾದೇ ಕಾವೇರಿಯನ್ನು ಸೇರುತ್ತದೆ. ಆದರೂ ನಲ್ಲಿಯಲ್ಲಿ ನೀರು ಬಂದಾಗ ಇದ್ದಬದ್ದ ಪಾತ್ರೆಗಳಲ್ಲೆಲ್ಲ ಹಿಡಿದಿಟ್ಟುಕೊಳ್ಳುವ ಅಭ್ಯಾಸ ಇಲ್ಲಿಯ ಸಂಸಾರಗಳನ್ನು ಬಿಟ್ಟಿಲ್ಲ. ಮಿತವ್ಯಯದ ದೃಷ್ಟಿಯಿಂದ ಅದು ಮೆಚ್ಚತಕ್ಕ ಗುಣವೇ. ಆದರೆ ಮಗುವಿರುವ ಮನೆಯಲ್ಲಿ ಹೀಗೆ ಹಿಡಿದಿಟ್ಟ ನೀರೇ ಮೊದಲ ಶತ್ರು.

ಕಾರಣ ಸರಳವಾದುದು. ಎಳೆಯ ಮಗುವಿನ ತಲೆ ದೇಹದ ಉಳಿದ ಭಾಗಕ್ಕೆ ಹೋಲಿಸಿದರೆ ತೂಕವಾದುದು. ತೇಲುತ್ತಿರುವ ಮಗ್ಗನ್ನು ಹಿಡಿಯಲೆಂದು ಅದು ಬಕೆಟ್ಟಿನ ಅಂಚಿಗೆ ಹೊಟ್ಟೆಯಾನಿಸಿ ಬಗ್ಗಿತೆಂದರೆ ಕಾಲು ನೆಲ ಬಿಡುತ್ತದೆ. ತಲೆ ಕೆಳಗಾದ ಮೇಲೆ ಮತ್ತೆ ಮೇಲೇಳುವಷ್ಟು ಶಕ್ತಿ ತೋಳುಗಳಿಗೆ ಇರುವುದಿಲ್ಲ. ಮೂಗು, ಬಾಯಿಗಳು ಮುಳುಗುವಷ್ಟು, ಎಂದರೆ ಐದು ಸೆಂಟಿಮೀಟರು ನೀರಿದ್ದರೂ ಅನಾಹುತಕ್ಕೆ ಸಾಕು. ಕೂಗು ಕೇಳಿಸಿದರೆ ಓಡಿ ಬಂದೇವು ಎಂದು ಅಡಿಗೆಮನೆಯಲ್ಲಿದ್ದವರು ನಂಬಿರುತ್ತಾರೆ. ಮುಳುಗುವ ಮಗು ಕೂಗುವುದಿಲ್ಲ. ಕುಕ್ಕರಿನ ಮೂರು ಸೀಟಿಯ ಅವಧಿಯಲ್ಲಿ, ಒಂದು ಸದ್ದೂ ಇಲ್ಲದೆ ಎಲ್ಲವೂ ಮುಗಿದುಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು ಮೂರು ಲಕ್ಷ ಜನ. ಅವರಲ್ಲಿ ಸುಮಾರು ಕಾಲು ಪಾಲು ಐದು ವರ್ಷ ತುಂಬದ ಮಕ್ಕಳು. ಸ್ನಾನದ ತೊಟ್ಟಿಗಳ ನಾಡಾದ ಅಮೆರಿಕೆಯಲ್ಲಿಯೂ ಹತ್ತೊಂಬತ್ತು ಲೀಟರಿನ ದೊಡ್ಡ ಬಕೆಟ್ಟುಗಳ ಮೇಲೆ, ತಲೆಕೆಳಗಾಗಿ ಬೀಳುತ್ತಿರುವ ಕೂಸಿನ ಚಿತ್ರವನ್ನು ಎಚ್ಚರಿಕೆಯಾಗಿ ಅಚ್ಚು ಹಾಕುತ್ತಾರೆ.

ಆದುದರಿಂದ ಬಳಸಿ ಮುಗಿದ ಬಕೆಟ್ಟನ್ನು ಬರಿದು ಮಾಡಿ ಬೋರಲು ಹಾಕುವುದು ಮನೆಯವರೆಲ್ಲರ ಅಭ್ಯಾಸವಾಗಬೇಕು. ನೆನೆಹಾಕಿದ ಬಟ್ಟೆಯ ಬಕೆಟ್ಟೂ ಈ ನಿಯಮಕ್ಕೆ ಹೊರತಲ್ಲ. ಅದನ್ನು ಮಗು ಏರಲಾರದಷ್ಟು ಎತ್ತರದ ಕಟ್ಟೆಯ ಮೇಲಿಡಬೇಕು. ನೀರು ತುಂಬಿಡಲೇಬೇಕಾದ ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಬೇಕು. ಹಗುರವಾದ ತಟ್ಟೆಯನ್ನು ಮುಚ್ಚಿಟ್ಟರೆ ಅದು ಮಗುವಿಗೆ ಹೊಸದೊಂದು ಆಟಿಕೆಯಾದೀತು, ಅಷ್ಟೆ. ಅಂಗಳದ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿರಬೇಕು. ಕಮೋಡಿನ ಮುಚ್ಚಳ ಸದಾ ಮುಚ್ಚಿರಲಿ. ಎಲ್ಲಕ್ಕಿಂತ ಮುಖ್ಯವಾಗಿ ಬಚ್ಚಲ ಬಾಗಿಲಿಗೆ ಹೊರಗಡೆ, ದೊಡ್ಡವರ ತಲೆಯ ಎತ್ತರದಲ್ಲಿ, ಒಂದು ಚಿಲಕ. ಬಡಗಿಗೆ ಕಾಲು ಗಂಟೆಯ ಕೆಲಸ. ಹಬ್ಬಕ್ಕೆಂದು ಬಂದ ನೆಂಟರು ಬಾಗಿಲನ್ನು ಹಾರುಹೊಡೆದು ಬರುವುದುಂಟು. ಅವರಿಗೂ ಸಂಕೋಚವಿಲ್ಲದೆ ಹೇಳತಕ್ಕದ್ದು.

ಎರಡನೆಯ ಶತ್ರು ಬಿಸಿನೀರು. ಅದರ ಪ್ರತಾಪವನ್ನು ರಾಮನಗರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಆ ಊರಿನಲ್ಲಿ, ಗೂಡಿನ ಅಂಟು ಬಿಸಿನೀರಿನಲ್ಲಿ ಮೆತ್ತಗಾಗದೆ ನೂಲಿನ ಎಳೆ ಬಿಚ್ಚಿಕೊಳ್ಳದೆಂಬುದು ಮಕ್ಕಳಿಗೂ ಗೊತ್ತು. ಆದರೆ ಅದೇ ಜನರ ಬಚ್ಚಲಿನಲ್ಲಿ ಮೊದಲು ಬಿಸಿನೀರು ತೋಡಿಕೊಂಡು ಆಮೇಲೆ ತಣ್ಣೀರು ಬೆರೆಸುವ ರೂಢಿ ಇನ್ನೂ ಹೋಗಿಲ್ಲ. ಕುದಿನೀರು ತುಂಬಿದ ಬಕೆಟ್ಟನ್ನು ಕೆಳಗಿಟ್ಟು ತಣ್ಣೀರಿಗೆಂದು ಬೆನ್ನು ತಿರುಗಿಸಿದ ಆ ಅರ್ಧ ನಿಮಿಷದಲ್ಲೇ ಮಗು ಕೈಯದ್ದುವುದು. ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಒಂದು ಪೈಸೆಯ ಖರ್ಚೂ ಇಲ್ಲದ ಈ ಬದಲಾವಣೆ ಎಷ್ಟೋ ಸುಟ್ಟ ಗಾಯಗಳನ್ನು ತಪ್ಪಿಸಬಲ್ಲುದು. ಅರವತ್ತು ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡುಗಳಲ್ಲಿ ಆಳವಾಗಿ ಸುಡುತ್ತದೆ. ಮಗುವಿನ ತೆಳುವಾದ ತೊಗಲಿಗೆ ಅಷ್ಟು ಹೊತ್ತೂ ಬೇಡ. ಐವತ್ತಕ್ಕೆ ಇಳಿಸಿದರೆ ಅಂಥ ಗಾಯವಾಗಲು ನಿಮಿಷಗಳೇ ಹಿಡಿಯುತ್ತವೆ. ಗೀಸರಿನ ಶಾಖವನ್ನು ತಗ್ಗಿಸುವ ತಿರುಪು ಇರುವುದು ಇದಕ್ಕೇ.

ಬಕೆಟ್ಟಿನಲ್ಲಿ ಇಳಿಬಿಡುವ ವಿದ್ಯುತ್ ಸಲಾಕಿಯನ್ನು ಮಗುವಿರುವ ಮನೆಯಿಂದ ಹೊರಗಟ್ಟುವುದೇ ಲೇಸು. ಗ್ಯಾಸ್ ಗೀಸರನ್ನು ಬಚ್ಚಲಿನೊಳಗೆ ಕೂರಿಸಲೇಕೂಡದು. ಮುಚ್ಚಿದ ಕೋಣೆಯಲ್ಲಿ ಅದು ಹೊರಸೂಸುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟುತ್ತಿದೆಯೆಂದು ತಿಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಎಣ್ಣೆ ನೀರು ಹಾಕಿದ ಮೇಲೆ ಸಾಂಬ್ರಾಣಿಯ ಹೊಗೆ ಕೊಡುವ ಅಜ್ಜಿಯರು ಇನ್ನೂ ಇದ್ದಾರೆ. ಆ ಪ್ರೀತಿಗೆ ಬೆಲೆ ಕಟ್ಟಲಾಗದು. ಆದರೂ ಕೆಂಡದ ಬಟ್ಟಲು ಮಗುವಿನ ಕೈಗೆಟಕುವ ನೆಲದ ಮೇಲಿರುವುದು ಸಲ್ಲದು, ಹೊಗೆ ಎಳೆಯ ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಇನ್ನು ಬಾಟಲಿಗಳ ಮಾತು. ಎಳೆಯ ಮಗು ಲೋಕವನ್ನು ಅರಿಯುವುದು ಬಾಯಿಯ ಮೂಲಕ. ಚನ್ನಪಟ್ಟಣದ ಬೊಂಬೆಯ ಕುಶಲಕರ್ಮಿಗಳು ಇದನ್ನು ಬಲ್ಲರು. ಆಲೆ ಮರವನ್ನು ಕಡೆದು ಮೂಲೆಗಳನ್ನು ದುಂಡಗೆ ಮಾಡಿ, ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗನ್ನು ಒತ್ತಿ ಹಿಡಿದು ಅವರು ಗಿಲಕಿಗಳನ್ನು ಮಾಡುತ್ತಾರೆ. ತರಕಾರಿ, ಗಿಡಮೂಲಿಕೆಗಳ ಬಣ್ಣ ಹಾಕಿದ ಗಿಲಕಿಯನ್ನು ಮಗು ಚೀಪಿದರೂ ಭಯವಿಲ್ಲ. ಹಾಗೆ ಬಾಯಿಗೆ ಹೋಗಲೆಂದೇ ಸಿದ್ಧವಾದ ವಸ್ತು ಬಚ್ಚಲಿನಲ್ಲಿ ಒಂದೂ ಇಲ್ಲ. ಫಿನಾಯಿಲು, ನೆಲ ತೊಳೆಯುವ ಆಸಿಡ್ಡು, ಬ್ಲೀಚಿಂಗ್ ಪುಡಿ, ಕ್ಷೌರದ ಬ್ಲೇಡು, ಮಿಠಾಯಿಯಂತೆ ಕಾಣುವ ನುಸಿಗುಳಿಗೆ! ಕನಕಪುರ, ಮಾಗಡಿಗಳ ಕಡೆಯ ಹಳ್ಳಿಯ ಮನೆಗೆ ರಜೆಗೆ ಹೋದಾಗಲಂತೂ ಇನ್ನಷ್ಟು ಎಚ್ಚರ ಬೇಕು. ರೇಷ್ಮೆ ಹುಳು ಸಾಕುವವರು ಹುಳುಮನೆಯನ್ನು ಶುದ್ಧಿ ಮಾಡಲು ಫಾರ್ಮಲಿನ್, ಬ್ಲೀಚಿಂಗ್ ಪುಡಿಗಳನ್ನು ಬಳಸುತ್ತಾರೆ. ಮಿಕ್ಕಿದ್ದು ಬಚ್ಚಲ ಮೂಲೆಯನ್ನು ಸೇರಿರಲೂಬಹುದು. ಇಂಥದನ್ನೆಲ್ಲ ಬೀಗ ಹಾಕುವ ಮೇಲಿನ ಗೂಡಿನಲ್ಲಿಡಬೇಕು. ಆಸಿಡ್ಡನ್ನು ಹಳೆಯ ಷರಬತ್ತಿನ ಬಾಟಲಿಗೆ ಬಗ್ಗಿಸಿಡುವುದಂತೂ ಅಕ್ಷಮ್ಯ. ಓದು ಬಾರದ ಮಗುವಿಗೆ ಬಾಟಲಿಯ ಆಕಾರವೇ ಅಕ್ಷರ.

ಒಳಗಿನ ಚಿಲಕವೂ ಒಂದು ಬಲೆ. ಮಗು ಅದನ್ನು ಹಾಕಿಕೊಳ್ಳುತ್ತದೆ, ತೆಗೆಯಲು ಅರಿಯದು. ಕೆಳಗಿನ ಅಗಣಿಯನ್ನು ಕಿತ್ತು ಮೇಲಕ್ಕೆ ಕೂರಿಸಬೇಕು. ಅಲ್ಲಿಯವರೆಗೆ ಬಾಗಿಲ ಮೇಲಂಚಿಗೆ ದಪ್ಪನೆಯ ಟವಲನ್ನು ಮಡಿಸಿ ಹಾಕಿದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಪಾಚಿ ಹಿಡಿದ ಕಲ್ಲನ್ನು ತಿಕ್ಕಿ ತೊಳೆಯುವುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟಾದರೂ ವಿಪತ್ತು ಬಂದರೆ? ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಸಬೇಕು. ಶಾಯಿ, ತುಪ್ಪ, ಹಲ್ಲುಜ್ಜುವ ಪೇಸ್ಟು ಯಾವುದೂ ಬೇಡ. ಆಸಿಡ್ಡು ಅಥವಾ ಸೀಮೆಎಣ್ಣೆ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಇಳಿಯುವಾಗ ಸುಟ್ಟದ್ದು ಏರುವಾಗಲೂ ಸುಡುತ್ತದೆ, ಎಣ್ಣೆಯಾದರೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ಬಾಟಲಿಯ ಸಮೇತ ಆಸ್ಪತ್ರೆಗೆ ಒಯ್ಯಬೇಕು. ನೀರಿನಿಂದೆತ್ತಿದ ಮಗುವನ್ನು ಕಾಲು ಹಿಡಿದು ತೂಗುವ, ತಿರುಗಿಸುವ ಹಳೆಯ ಉಪಾಯ ಅಮೂಲ್ಯವಾದ ಕ್ಷಣಗಳನ್ನು ಕಳೆಯುತ್ತದೆ. ಉಸಿರಾಟ ನಿಂತಿದ್ದರೆ ಒಬ್ಬರು ಬಾಯಿಂದ ಉಸಿರು ಊದುತ್ತ, ಎದೆಯನ್ನು ಒತ್ತುತ್ತಿರಬೇಕು. ಮತ್ತೊಬ್ಬರು 108ಕ್ಕೆ ಕರೆಮಾಡಬೇಕು. ಈ ವಿದ್ಯೆಯನ್ನು ಮನೆಯಲ್ಲಿ ಒಬ್ಬರಾದರೂ ವೈದ್ಯರಿಂದ ಮುಂಚಿತವಾಗಿಯೇ ಕಲಿತಿರುವುದು ಒಳ್ಳೆಯದು.

ಹಾಗೆಂದು ಮಗುವಿಗೆ ನೀರಾಟವನ್ನೇ ತಪ್ಪಿಸಬೇಕಾಗಿಲ್ಲ. ಅಗಲವಾದ ತಟ್ಟೆಯಲ್ಲಿ ಬೆರಳ ಗೆಣ್ಣಿನಷ್ಟು ನೀರು, ಒಂದು ಪುಟ್ಟ ಲೋಟ, ಪಕ್ಕದಲ್ಲಿ ಮಣೆ ಹಾಕಿ ಕುಳಿತ ತಂದೆಯೋ ತಾಯಿಯೋ: ಅಷ್ಟಿದ್ದರೆ ಸಂಜೆ ಹಾಯಾಗಿ ಕಳೆಯುತ್ತದೆ. ನಡುವೆ ಕರೆಗಂಟೆ ಬಾರಿಸಿದವರು ಯಾರೇ ಆಗಲಿ, ಮಗುವನ್ನು ಟವಲಿನಲ್ಲಿ ಸುತ್ತಿ ಸೊಂಟಕ್ಕೇರಿಸಿಕೊಂಡು ಬರುವವರೆಗೆ ಹೊರಗೇ ನಿಂತಿರಲಿ.