ಸೋತ ದೇಶಕ್ಕೆ ಗೆಲುವು ತೋರಿಸಿದ ಜಟ್ಟಿ

1954ರ ಫೆಬ್ರುವರಿ 19ರ ಸಂಜೆ. ಟೋಕಿಯೊದ ಶಿಂಬಾಶಿ ರೈಲು ನಿಲ್ದಾಣದ ಎದುರು ಕಾಲಿಡಲೂ ಜಾಗವಿಲ್ಲದಷ್ಟು ಜನ. ಎಲ್ಲರ ಕಣ್ಣೂ ಎತ್ತರದಲ್ಲಿಟ್ಟ ಒಂದು ಟಿ.ವಿ. ಪೆಟ್ಟಿಗೆಯ ಮೇಲೆ. ಜಪಾನಿನಲ್ಲಿ ಟಿ.ವಿ. ಪ್ರಸಾರ ಆರಂಭವಾಗಿ ಆಗಿನ್ನೂ ಒಂದೇ ವರ್ಷ. ಸಾಮಾನ್ಯ ನೌಕರನಿಗೆ ಸೆಟ್ ಕೊಳ್ಳುವುದು ಕನಸಿನ ಮಾತು. ಅದಕ್ಕೇ ಎನ್‌ಟಿವಿ ಎಂಬ ಖಾಸಗಿ ಸಂಸ್ಥೆ ಬೀದಿಗಳಲ್ಲಿ ಸೆಟ್‌ಗಳನ್ನಿಟ್ಟಿತ್ತು.

ಅಂದು ಅಖಾಡದಲ್ಲಿದ್ದವರು ಮಾಜಿ ಸುಮೊ ಮಲ್ಲ ರಿಕಿದೋಜಾನ್ ಮತ್ತು ಜೂಡೊ ವೀರ ಮಸಾಹಿಕೊ ಕಿಮುರಾ. ಎದುರಾಳಿಗಳು ಆಜಾನುಬಾಹು ಶಾರ್ಪ್ ಸಹೋದರರು. ಕಿಮುರಾ ಪೆಟ್ಟು ತಿಂದು ಕುಸಿಯುತ್ತಾನೆ. ರಿಕಿದೋಜಾನ್ ನುಗ್ಗಿ ಬಂದು ಅಂಗೈಯ ಅಂಚಿನಿಂದ ಬಿಳಿಯರ ಎದೆಗೆ ಬಾರಿಸುತ್ತಾನೆ. 'ಕರಾಟೆ ಚಾಪ್' ಎಂದು ಹೆಸರಾದ ಏಟು ಇದು. ಯುದ್ಧದಲ್ಲಿ ಸೋತು, ಅಮೆರಿಕದ ಸೇನೆಯ ಆಡಳಿತವನ್ನು 1952ರವರೆಗೆ ಸಹಿಸಿದ್ದ ಜನ ಆ ಒಂದೊಂದು ಏಟಿಗೂ ಕೇಕೆ ಹಾಕಿದರು.

ಆ ಕಪ್ಪು-ಬಿಳುಪು ತುಣುಕುಗಳನ್ನು ಈಗ ನೋಡಿದರೆ ಮೊದಲಿಗೆ ಬೇಸರವೇ ಆಗುತ್ತದೆ. ಹಾರಾಟವಿಲ್ಲ, ಪಟ್ಟು ಹಿಡಿದು ನೆಲದಲ್ಲಿ ಬಹಳ ಹೊತ್ತು ಒದ್ದಾಟ. ಆದರೆ ರಿಕಿದೋಜಾನನ ಮುಖ ನೋಡಿ. ತಡೆದುಕೊಂಡ ಸಿಟ್ಟು ಕಟ್ಟೆಯೊಡೆಯುವ ಗಳಿಗೆಗಾಗಿ ನಾವೂ ಕಾಯತೊಡಗುತ್ತೇವೆ.

ಇಂಥ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ಮಾತಾಗಿರುತ್ತದೆ. ಹಾಗಾದರೆ ಎಲ್ಲ ಬರೀ ನಾಟಕವೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಅದೇ ವರ್ಷದ ಡಿಸೆಂಬರ್ 22ರಂದು ರಿಕಿದೋಜಾನ್ ಮತ್ತು ಕಿಮುರಾ ಪರಸ್ಪರ ಸೆಣಸಿದರು. ಪಂದ್ಯ ಸಮಬಲದಲ್ಲಿ ಮುಗಿಯಬೇಕೆಂದು ಒಪ್ಪಂದವಾಗಿತ್ತೆಂದು ಕಿಮುರಾ ನಂತರ ಬರೆದುಕೊಂಡ. ಚಿತ್ರದಲ್ಲಿ ಕಾಣುವುದೇ ಬೇರೆ: ಸಾವಧಾನವಾಗಿ ಸಾಗಿದ್ದ ಆಟ ತಟ್ಟನೆ ಕೆಡುತ್ತದೆ, ರಿಕಿದೋಜಾನ್ ನಿಜವಾಗಿಯೇ ಬಡಿಯತೊಡಗುತ್ತಾನೆ, ಕಿಮುರಾ ಮೇಲೇಳುವುದಿಲ್ಲ. 1951ರಲ್ಲಿ ಬ್ರೆಜಿಲ್‌ನ ಹೆಲಿಯೊ ಗ್ರೇಸಿಯನ್ನು ಮಣಿಸಿದ್ದ ವೀರ ಹೀಗೆ ಬಿದ್ದದ್ದನ್ನು ನೋಡುವಾಗ ಮನಸ್ಸಿಗೆ ಹಿತವೆನಿಸದು.

ಭಾರತೀಯರಿಗೆ ಪರಿಚಿತ ಹೆಸರುಗಳೂ ಈ ಕಥೆಯಲ್ಲಿವೆ. ದಾರಾಸಿಂಗ್ ಜತೆಗಿನ ಕಾದಾಟಗಳಿಂದ ನಮ್ಮಲ್ಲಿ ಮನೆಮಾತಾದ ಕಿಂಗ್‌ಕಾಂಗ್, 1955ರಲ್ಲಿ ಟೈಗರ್ ಜೋಗಿಂದರ್ ಸಿಂಗ್ ಜತೆ ಜಪಾನಿಗೆ ಹೋಗಿ ರಿಕಿದೋಜಾನನನ್ನು ಎದುರಿಸಿದ್ದ. 1963ರ ಮೇ 24ರಂದು ಮುಸುಕುಧಾರಿ 'ಡೆಸ್ಟ್ರಾಯರ್' ವಿರುದ್ಧದ ಪಂದ್ಯವನ್ನಂತೂ ಟಿ.ವಿ. ಇದ್ದ ಮನೆಗಳಲ್ಲಿ ಶೇಕಡಾ 64ರಷ್ಟು ನೋಡಿದವೆಂದು ಲೆಕ್ಕ.

ಇಷ್ಟಕ್ಕೂ ಅಂದು ಶಿಂಬಾಶಿಯ ಜನ ಅಮೆರಿಕನ್ನರೆಂದು ತಿಳಿದಿದ್ದ ಶಾರ್ಪ್ ಸಹೋದರರು ಹುಟ್ಟಿದ್ದು ಕೆನಡಾದಲ್ಲಿ! ರಿಕಿದೋಜಾನನೂ ಹುಟ್ಟು ಜಪಾನಿಯಲ್ಲ. ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದ ಉತ್ತರ ಭಾಗದವನು. ಮೂಲ ಹೆಸರು ಕಿಮ್ ಸಿನ್ ರಾಕ್. ಕೊರಿಯನ್ನರನ್ನು ಕೀಳಾಗಿ ಕಾಣುತ್ತಿದ್ದ ಸಮಾಜದಲ್ಲಿ ಆತ ನಾಗಸಾಕಿ ಪ್ರಾಂತ್ಯದವನೆಂದೇ ಪ್ರಚಾರವಾಗಿತ್ತು. ಬಹುತೇಕ ಅಭಿಮಾನಿಗಳಿಗೆ ನಿಜ ತಿಳಿಯಲೇ ಇಲ್ಲ.

1963ರ ಜನವರಿಯಲ್ಲಿ ಆತ ದಕ್ಷಿಣ ಕೊರಿಯಾಕ್ಕೆ ಹೋಗಿ ಬಂದ. ಹುಟ್ಟೂರು ಗಡಿಯಾಚೆ ಉಳಿಯಿತು. ಅದೇ ಡಿಸೆಂಬರ್ 8ರಂದು ಟೋಕಿಯೊದ ನೈಟ್‌ಕ್ಲಬ್ ಒಂದರಲ್ಲಿ ಚೂರಿ ಇರಿತಕ್ಕೊಳಗಾಗಿ, ಒಂದು ವಾರದ ನಂತರ ತೀರಿಕೊಂಡಾಗ ಅವನಿಗೆ 39 ವರ್ಷ. ಶಿಷ್ಯರಾದ ಜೈಂಟ್ ಬಾಬಾ ಮತ್ತು ಆಂಟೋನಿಯೊ ಇನೋಕಿ 1972ರಲ್ಲಿ ತಮ್ಮದೇ ಬೇರೆ ಬೇರೆ ಕುಸ್ತಿ ಸಂಸ್ಥೆಗಳನ್ನು ಕಟ್ಟಿದರು.