ಕಿವಿ ಕೇಳದ ಮಕ್ಕಳ ಕೈಗೆ ಮೊಬೈಲು

ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ, ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ ಗಮನವಿಲ್ಲವೆಂದು ಎಷ್ಟೋ ಸಲ ಬೈದಿದ್ದೇನೆ. ಅವನಿಗೆ ಗಮನವಿತ್ತು, ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬೋರ್ಡಿನ ಕಡೆ ತಿರುಗಿಕೊಂಡು ನಾನು ಹೇಳಿದ್ದೊಂದೂ ಅವನಿಗೆ ತಲುಪುತ್ತಿರಲಿಲ್ಲ ಎಂಬುದು ನನಗೆ ತಿಳಿಯುವಷ್ಟರಲ್ಲಿ ಆ ವರ್ಷ ಮುಗಿದಿತ್ತು. ಈಗ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬರುವ ಪೋಷಕರಲ್ಲಿ ಕೆಲವರು, “ಸರ್, ಮಗನಿಗೆ ಕಿವಿ ಕೇಳಲ್ಲ. ಒಂದು ಒಳ್ಳೆ ಮೊಬೈಲು ಕೊಡಿಸಿದ್ರೆ ಅವನಿಗೆ ಅನುಕೂಲ ಆಗುತ್ತಾ?” ಎಂದು ಕೇಳುವುದುಂಟು. ಆಗುತ್ತದೆ. ಆದರೆ ಯಾವ ಮಗುವಿಗೆ, ಎಷ್ಟರ ಮಟ್ಟಿಗೆ ಎಂಬುದನ್ನು ತಿಳಿದುಕೊಂಡು ಕೊಡಿಸುವುದು ಒಳ್ಳೆಯದು.

ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸಿಬಿಲಿಟಿ’ ಎಂಬ ವಿಭಾಗವಿದೆ. ಮೊಬೈಲನ್ನು ಕನ್ನಡದಲ್ಲಿ ಇಟ್ಟುಕೊಂಡರೆ ಅದು ‘ಪ್ರವೇಶಿಸುವಿಕೆ’ ಎಂದು ಕಾಣುತ್ತದೆ. ಆ ಹೆಸರಿನಿಂದ ಯಾರಿಗೂ ಏನೂ ಅರ್ಥವಾಗದು, ಹಾಗಾಗಿ ಹೆಚ್ಚಿನವರು ಅದನ್ನು ತೆರೆದೇ ನೋಡಿರುವುದಿಲ್ಲ. ಕಿವಿ ಕೇಳದವರಿಗೆ ಬೇಕಾದ ಸೌಲಭ್ಯಗಳು ಇರುವುದು ಅಲ್ಲಿಯೇ.

ಅವುಗಳಲ್ಲಿ ಮುಖ್ಯವಾದದ್ದು ‘ಲೈವ್ ಟ್ರಾನ್ಸ್‌ಕ್ರೈಬ್’. ಎದುರಿಗಿರುವವರು ಮಾತನಾಡುತ್ತಾ ಹೋದಂತೆ ಆ ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ಗೂಗಲ್ ಕಂಪನಿ ಇದನ್ನು 2019ರಲ್ಲಿ ಹೊರತಂದಿತು. ಇದರ ಹಿಂದೆ ದುಡಿದವರಲ್ಲಿ ಒಬ್ಬರಾದ ವಿಜ್ಞಾನಿ ದಿಮಿತ್ರಿ ಕನೆವ್‌ಸ್ಕಿ ಅವರಿಗೆ ಬಾಲ್ಯದಿಂದಲೇ ಕಿವಿ ಕೇಳದು. ಅಮೆರಿಕದಲ್ಲಿ ಕಿವಿ ಕೇಳದವರಿಗಾಗಿಯೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾಲಯವೂ ಇದಕ್ಕೆ ಕೈಜೋಡಿಸಿತ್ತು. ಕನ್ನಡ, ಉರ್ದು ಎರಡೂ ಇದರಲ್ಲಿವೆ. ಕೆಲವು ಮೊಬೈಲುಗಳಲ್ಲಿ ಮೊದಲೇ ಇರುತ್ತದೆ, ಇಲ್ಲದಿದ್ದರೆ ಪ್ಲೇ ಸ್ಟೋರಿನಿಂದ ಹಣವಿಲ್ಲದೆ ಹಾಕಿಕೊಳ್ಳಬಹುದು. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಉತ್ತರವನ್ನು ಅದರಲ್ಲೇ ಟೈಪ್ ಮಾಡಿ ಎದುರಿನವರಿಗೆ ತೋರಿಸಬಹುದು.

ವೈದ್ಯರ ಮೇಜಿನ ಮೇಲೆ ಮೊಬೈಲ್ ಇಟ್ಟರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕಿವಿ ಕೇಳದ ಹೆಣ್ಣುಮಗಳೊಬ್ಬಳು ತನ್ನ ಕಾಯಿಲೆಯ ವಿಷಯವನ್ನು ಅಣ್ಣನನ್ನೋ ಮಾವನನ್ನೋ ನಡುವೆ ಕೂರಿಸಿಕೊಳ್ಳದೆ ತಾನೇ ಕೇಳಿ ತಿಳಿದುಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿಯೂ ಹಾಗೆಯೇ. ಆದರೆ ಶಿರಾಳಕೊಪ್ಪದ ಬಸ್ ನಿಲ್ದಾಣದ ಗದ್ದಲದಲ್ಲಿ ಕಂಡಕ್ಟರ್ ದೂರದಿಂದ “ಸೊರಬ, ಸೊರಬ” ಎಂದು ಕೂಗಿದರೆ ಮೊಬೈಲಿಗೆ ಸಿಕ್ಕುವುದು ಕಷ್ಟ. ಮಾತನಾಡುವವರು ಹತ್ತಿರವಿರಬೇಕು, ಒಬ್ಬೊಬ್ಬರಾಗಿ ಮಾತನಾಡಬೇಕು, ನೆಟ್‌ವರ್ಕ್ ಇರಬೇಕು. ಹೆಸರು, ಔಷಧಿಯ ಪ್ರಮಾಣ, ಹಣದ ಮೊತ್ತ ಇವು ತಪ್ಪಾಗಿ ಬರುವ ಸಂಭವ ಹೆಚ್ಚು. ಅವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅದೇ ಮೊಬೈಲಿಗೆ ಬಂದ ಕರೆಯನ್ನು ಇದು ಬರೆದು ತೋರಿಸುವುದಿಲ್ಲ ಎಂಬುದೂ ನೆನಪಿರಲಿ.

ಇನ್ನು ನಮ್ಮ ಮನೆಗಳ ಸಮಸ್ಯೆ ಬೇರೆಯೇ ಇದೆ. ಮನೆಯಲ್ಲಿ ನಾವು ಆಡುವುದು ದಖ್ಖನಿ. ಮೊಬೈಲು ಅರಿತಿರುವುದು ಪುಸ್ತಕದ ಉರ್ದು. ತಾಯಿ “ನಕ್ಕೋ” ಎಂದರೆ ಅದು ಏನು ಬರೆಯುತ್ತದೋ ಹೇಳಲಾಗದು. ಸರಿಯಾಗಿ ಬರೆದರೂ ಅದು ಉರ್ದು ಲಿಪಿಯಲ್ಲಿ. ಕನ್ನಡ ಶಾಲೆಗೆ ಹೋದ ಎಷ್ಟೋ ಮಕ್ಕಳಿಗೆ ಆ ಲಿಪಿ ಓದಲು ಬರುವುದಿಲ್ಲ. ಜುಮ್ಮಾದ ಬಯಾನ್ ವಿಷಯದಲ್ಲೂ ಇದೇ ಕಥೆ. ಇಮಾಮ್ ಸಾಹೇಬರು ಒಪ್ಪಿದರೆ ಮುಂದಿನ ಸಾಲಿನಲ್ಲಿ ಕೂತು ಬಯಾನನ್ನು ಓದಬಹುದು. ಕನ್ನಡದಲ್ಲಿ ನಾಲ್ಕು ಮಾತು ಹೇಳಿದರೆ ಈ ಮಕ್ಕಳಿಗೆ ದೊಡ್ಡ ಉಪಕಾರ. ನಡುವೆ ಬರುವ ಅರಬ್ಬಿ ಆಯತ್‌ಗಳನ್ನು ಮಾತ್ರ ಮೊಬೈಲಿನಲ್ಲಿ ನಂಬಿ ಓದಬಾರದು. ಯಂತ್ರ ಅದನ್ನು ಉರ್ದು ಎಂದೇ ತಿಳಿದು ಏನೇನೋ ಬರೆದಿರುತ್ತದೆ.

ಓದು ಬಾರದವರಿಗೂ ಆಗುವ ಸೌಲಭ್ಯಗಳಿವೆ. ಮಗು ಅತ್ತರೆ, ಬಾಗಿಲು ತಟ್ಟಿದರೆ ಮೊಬೈಲು ನಡುಗಿ, ದೀಪ ಮಿನುಗಿಸಿ ತಿಳಿಸುತ್ತದೆ. ‘ಸೌಂಡ್ ನೋಟಿಫಿಕೇಶನ್ಸ್’ ಎಂಬ ಈ ಸೌಲಭ್ಯಕ್ಕೆ ಇಂಟರ್ನೆಟ್ ಬೇಡ. ರಂಜಾನಿನಲ್ಲಿ ಸಹರಿಗೆ ಏಳಲು ನಡುಗುವ ಅಲಾರಂ ಸಾಕು. ಸನ್ನೆ ಭಾಷೆ ಬಲ್ಲವರಿಗಂತೂ ವಾಟ್ಸಾಪಿನ ವಿಡಿಯೋ ಕರೆಯೇ ಎಲ್ಲಕ್ಕಿಂತ ದೊಡ್ಡ ವರ. ಊರಿನಲ್ಲಿ ‘ಮೂಗ’ ಎಂದು ಕರೆಸಿಕೊಂಡು ಒಬ್ಬನೇ ಉಳಿದವನು ಆ ಪರದೆಯ ಮುಂದೆ ಗಂಟೆಗಟ್ಟಲೆ ಹರಟುತ್ತಾನೆ. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 10,000 ಪದಗಳ ವಿಡಿಯೋ ನಿಘಂಟು ಮಾಡಿದೆ. ಯೂಟ್ಯೂಬಿನಲ್ಲಿ ನೋಡಬಹುದು. ಮಗುವಿನ ಜೊತೆ ತಂದೆ ತಾಯಿಯೂ ಕಲಿಯಲಿ.

ಪೋಷಕರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದು: ಲೈವ್ ಟ್ರಾನ್ಸ್‌ಕ್ರೈಬ್ ಮಾತನ್ನು ಅಕ್ಷರವಾಗಿ ಮಾಡಿಕೊಡುತ್ತದೆ, ಅಕ್ಷರವನ್ನು ಅರ್ಥ ಮಾಡಿಸುವುದಿಲ್ಲ. ಕೇಳಿಸಿಕೊಂಡು ಭಾಷೆ ಕಲಿಯದ ಮಗುವಿಗೆ ಓದು ಕಲಿಸುವುದು ನಿಧಾನದ ಕೆಲಸ. ಹೆಸರು ಬರೆಯಲು ಬಂದ ಮಾತ್ರಕ್ಕೆ ವಾಕ್ಯ ಓದಿ ತಿಳಿಯುತ್ತದೆ ಎಂದಲ್ಲ. ಅಂಥ ಮಗುವನ್ನು ಏಳನೇ ತರಗತಿಗೆ ಶಾಲೆ ಬಿಡಿಸಿ ಗ್ಯಾರೇಜಿಗೋ ಟೈಲರಿಂಗಿಗೋ ಕಳಿಸಿ, ಸಮಾಧಾನಕ್ಕೆ ಮೊಬೈಲು ಕೊಡಿಸಿದರೆ ಅದು ರೀಲ್ಸ್ ನೋಡಲಿಕ್ಕೆ ಮಾತ್ರ ಆಗುತ್ತದೆ.

ಚಿಕ್ಕ ಮಗು ಕರೆದರೆ ತಿರುಗುತ್ತಿಲ್ಲ ಎನಿಸಿದರೆ ತಡಮಾಡದೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಮಾಡಿಸಿಡಿ. ವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ 9 ಮತ್ತು 10ನೇ ತರಗತಿಯವರಿಗೆ ಮೆಟ್ರಿಕ್ ಪೂರ್ವ, ಪಿಯುಸಿಯಿಂದ ಸ್ನಾತಕೋತ್ತರದವರೆಗೆ ಮೆಟ್ರಿಕ್ ನಂತರದ ವೇತನವಿದೆ. ಆದಾಯದ ಮಿತಿಯನ್ನು ಪೋರ್ಟಲಿನಲ್ಲಿಯೇ ನೋಡಿಕೊಳ್ಳಿ. ನಮ್ಮ ಟ್ರಸ್ಟಿನ ಅರ್ಜಿ ಈ ವರದಿಯ ಕೊನೆಯ ಪುಟಗಳಲ್ಲಿದೆ. ಮಗುವಿಗೆ ಕಿವಿ ಕೇಳುವುದಿಲ್ಲ ಎಂಬುದನ್ನು ಮುಚ್ಚಿಡದೆ ಅದರಲ್ಲಿ ಬರೆಯಿರಿ. ಸಂದರ್ಶನಕ್ಕೆ ಮಗುವನ್ನೇ ಕರೆತನ್ನಿ, ಪ್ರಶ್ನೆಗಳನ್ನು ಬರೆದು ಕೇಳುತ್ತೇವೆ.